ಹೊಸಬರ ವಿಭಾಗ ಕೈಬಿಡಬೇಡಿ

ಮಾನ್ಯ ಸಂಪಾದಕರೇ,

ಮಣ್ಣಿನ ಟ್ರ್ಯಾಕ್ ರೇಸ್‌ಗಳಲ್ಲಿ ಹೊಸಬರ ವಿಭಾಗವನ್ನು ಲೆಕ್ಕಕ್ಕಷ್ಟೇ ಇಟ್ಟುಕೊಂಡಂತೆ ಕಾಣುವುದು ನೋವಿನ ಸಂಗತಿ. ಹಳೆಯ 4 ಸಿಲಿಂಡರ್ ಕಾರು, ಕಂಪನಿಯಿಂದ ಬಂದಂತೆಯೇ ಇರುವ ಎಂಜಿನ್, ಒಳಗೆ ರೋಲ್ ಕೇಜ್ (ಕಾರು ಉರುಳಿದರೂ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟು), ಭದ್ರವಾದ ಸೀಟು, ಬೆಲ್ಟು, ಹೆಲ್ಮೆಟ್. ಇಷ್ಟಿದ್ದರೆ ಸಾಮಾನ್ಯ ಸಂಬಳದವರೂ ಕಣಕ್ಕಿಳಿಯಬಹುದು. ಒದ್ದೆ ಮಣ್ಣು ಒಣಗಿ ಜಾರತೊಡಗಿದಂತೆ ಹಿಡಿತ ಸಿಗುವ ಜಾಡೂ ಬದಲಾಗುತ್ತದೆ. ಆ ಜಾಡು ಹುಡುಕುವುದನ್ನು, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿಡುವುದನ್ನು ಚೆನ್ನಾಗಿ ಕಲಿಸುವುದು ಕಡಿಮೆ ಶಕ್ತಿಯ ಕಾರೇ. ಆದರೆ ದುಡ್ಡಿದ್ದವರು ಇಲ್ಲಿಗೂ ದುಬಾರಿ ಬಿಡಿಭಾಗ ತಂದರೆ ಎಲ್ಲ ಕೆಡುತ್ತದೆ. ಗೆದ್ದ ಕಾರಿನ ಎಂಜಿನ್ ಅನ್ನು ಎದುರಾಳಿ ನಿಗದಿತ ಬೆಲೆಗೆ ಕೊಳ್ಳಬಹುದೆಂಬ ನಿಯಮ ಕೆಲವು ಟ್ರ್ಯಾಕ್‌ಗಳಲ್ಲಿದೆ. ದುಬಾರಿ ಎಂಜಿನ್ ಹಾಕಿದರೆ ಅದು ಅಗ್ಗಕ್ಕೆ ಕೈತಪ್ಪುವ ಭಯವಿರುತ್ತದೆ. ಉಳಿದ ಟ್ರ್ಯಾಕ್‌ಗಳವರೂ ಈ ನಿಯಮ ತರಲಿ. ಸುರಕ್ಷತೆಯ ಸಲಕರಣೆಯಲ್ಲಿ ಮಾತ್ರ ಯಾರೂ ಉಳಿತಾಯ ಮಾಡುವುದು ಬೇಡ.

— ಒಬ್ಬ ರೇಸ್ ಅಭಿಮಾನಿ