ಮಲೆನಾಡಿನ ಮಕ್ಕಳ ಪ್ರಾಜೆಕ್ಟ್ ಮಳೆಗಾಲದಲ್ಲಿ ನಡೆಯಲಿ

ಮಾನ್ಯ ಸಂಪಾದಕರೇ,

ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್ಸಿ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದುವವರಿಗೆ ಪ್ರಾಜೆಕ್ಟ್ ಬರುವುದು ಸಾಮಾನ್ಯವಾಗಿ ನಾಲ್ಕನೇ ಸೆಮಿಸ್ಟರಿನಲ್ಲಿ. ನಾಲ್ಕನೇ ಸೆಮಿಸ್ಟರ್ ಬರುವುದು ಬೇಸಿಗೆಯಲ್ಲಿ. ಮಲೆನಾಡಿನಿಂದ ಹೋದ ನಮ್ಮಂಥವರಿಗೆ ಇದರಿಂದ ಆಗುತ್ತಿರುವ ನಷ್ಟವನ್ನು ಪಠ್ಯಕ್ರಮ ನಿರ್ಧರಿಸುವ ಅಧ್ಯಯನ ಮಂಡಳಿಯವರ ಗಮನಕ್ಕೆ ತರಲು ಈ ಪತ್ರ.

ನಾನು ಕೊಪ್ಪ ತಾಲ್ಲೂಕಿನವಳು. ಮನೆಯಲ್ಲಿ ಅಡಿಕೆ ತೋಟವಿದೆ, ಅದರ ಅಂಚಿಗೆ ಸ್ವಲ್ಪ ಕಾಫಿ. ಈಗ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೇನೆ. ಮಳೆಗಾಲದಲ್ಲಿ ಅಡಿಕೆ ಕಾಯಿಗೆ ಬರುವ ಕೊಳೆ ರೋಗದ ಮೇಲೆ ಕೆಲಸ ಮಾಡಬೇಕೆಂಬ ಆಸೆ ಬಿ.ಎಸ್ಸಿ.ಗೆ ಸೇರುವಾಗಲೇ ಇತ್ತು. ಗೈಡ್ ಹತ್ತಿರ ಹೇಳಿದರೆ ಅವರು, "ಮಾರ್ಚ್ ತಿಂಗಳಲ್ಲಿ ಕೊಳೆ ಬಂದ ಕಾಯಿ ಎಲ್ಲಿಂದ ತರ್ತೀಯಮ್ಮ?" ಎಂದು ಕೇಳಿದರು. ಅವರ ಮಾತು ಸರಿಯೇ. ಕೊನೆಗೆ ನನ್ನ ಪಾಲಿಗೆ ಬಂದದ್ದು ಒಂದು ಗಿಡದ ಎಲೆ ಒಣಗಿಸಿ, ಪುಡಿ ಮಾಡಿ, ಸಾರ ತೆಗೆದು, ಅದು ಬ್ಯಾಕ್ಟೀರಿಯಾ ಬೆಳೆಯುವುದನ್ನು ತಡೆಯುತ್ತದೆಯೇ ಎಂದು ನೋಡುವ ಕೆಲಸ. ನನ್ನ ಜೊತೆಯವರಲ್ಲಿ ಬಹಳ ಮಂದಿ ಮಾಡುತ್ತಿರುವುದೂ ಅದನ್ನೇ, ಗಿಡವಷ್ಟೇ ಬೇರೆ. ಆ ಕೆಲಸ ಕಡಿಮೆಯದೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಯಾವ ಊರಿನಲ್ಲಾದರೂ, ಯಾವ ತಿಂಗಳಲ್ಲಾದರೂ ಮಾಡಬಹುದು.

ಕೊಳೆ ರೋಗ ಹಾಗಲ್ಲ. ಮಳೆ ಹಿಡಿದು ಎರಡು ಮೂರು ವಾರ ಕಳೆದ ಮೇಲೆ ಎಳೆಗಾಯಿ ಉದುರಲು ಶುರುವಾಗುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿ ಬೂಸ್ಟು. ಅದಕ್ಕೆ ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ನೋಡಲು ಶಿಲೀಂಧ್ರದಂತೆಯೇ ಇದ್ದರೂ ಈಗ ವಿಜ್ಞಾನಿಗಳು ಅದನ್ನು ಶಿಲೀಂಧ್ರಗಳ ಗುಂಪಿನಲ್ಲಿ ಇಡುವುದಿಲ್ಲ. ಅದರ ಬೀಜಾಣುಗಳಿಗೆ ಈಜುವ ಬಾಲಗಳಿವೆ, ನೀರಿನ ತೆಳು ಪದರ ಸಿಕ್ಕರೆ ಸಾಕು, ಈಜಿಕೊಂಡು ಹೋಗಿ ಇನ್ನೊಂದು ಕಾಯಿಯನ್ನು ಹಿಡಿಯುತ್ತವೆ. ಮಳೆಯೂ ಬಿಸಿಲೂ ಒಂದರ ಹಿಂದೊಂದು ಬಂದರೆ ರೋಗ ಜೋರಾಗುತ್ತದೆ ಎನ್ನುವುದು ನನ್ನ ಅಪ್ಪಯ್ಯನಂಥ ಬೆಳೆಗಾರರಿಗೆ ಮೊದಲಿನಿಂದ ಗೊತ್ತು. ಹಾಸನದ ಆಲೂಗೆಡ್ಡೆ ಹೊಲಗಳನ್ನು ಸುಡುವ ಅಂಗಮಾರಿಯೂ ಇದೇ ಫೈಟಾಫ್ತೊರಾ ಕುಲದ್ದೇ, ಅದಕ್ಕೂ ಮೋಡ, ಜಡಿಮಳೆಯೇ ಕಾಲ. ಜುಲೈನಲ್ಲಿ ಬಿದ್ದ ಒಂದು ಕಾಯಿ ತಂದು ತಣ್ಣೀರು ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ಬೀಜಾಣುಗಳು ಹೊರಬಂದು ಓಡಾಡುವುದನ್ನು ಕಣ್ಣಾರೆ ನೋಡಬಹುದು. ಪಠ್ಯದಲ್ಲಿ ಅದರ ಚಿತ್ರ ಬರೆದು ಅಂಕ ತೆಗೆದುಕೊಂಡ ನಾವು ಅದನ್ನು ಜೀವಂತವಾಗಿ ನೋಡದೆಯೇ ಪದವಿ ಮುಗಿಸುತ್ತೇವೆ.

ಈ ರೋಗದ ಅಧ್ಯಯನ ಬೆಳೆದದ್ದು ನಮ್ಮ ತೋಟಗಳಲ್ಲೇ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆ ರೋಗವನ್ನು ಕೈಗೆತ್ತಿಕೊಂಡರು, ಬೋರ್ಡೋ ದ್ರಾವಣ ಹೊಡೆಯುವುದನ್ನು ಬೆಳೆಗಾರರಿಗೆ ಒಪ್ಪಿಸಿದರು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ: ಇಂದಿಗೂ ನಮ್ಮನೆಯ ಅಂಗಳದಲ್ಲಿ ಕಲಸುವುದು ಅದನ್ನೇ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದೂ ಕೋಲ್‌ಮನ್ ಅವರ ಮುತುವರ್ಜಿಯಿಂದಲೇ. ಅಷ್ಟು ಹಳೆಯ ಸಂಶೋಧನೆಯ ನೆಲದಿಂದ ಬಂದ ಮಕ್ಕಳು ನಾವು. ಆದರೂ ಒಂದೇ ಔಷಧಿ ಹೊಡೆದ ಎರಡು ಅಕ್ಕಪಕ್ಕದ ತೋಟಗಳಲ್ಲಿ ಒಂದಕ್ಕೆ ಕೊಳೆ ಬಂದು ಇನ್ನೊಂದು ಉಳಿದದ್ದು ಹೇಗೆ ಎಂದು ಅಪ್ಪಯ್ಯ ಕೇಳಿದರೆ ಉತ್ತರ ಹುಡುಕಲು ನನಗೆ ಒಂದು ಮಳೆಗಾಲವೂ ಸಿಗಲಿಲ್ಲ. ನಮ್ಮ ಕಡೆಯ ಎಸ್ಟೇಟುಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಟ್ಟ ಪುಸ್ತಕಗಳಿವೆ. ಒಂದೊಂದು ಊರಿನಲ್ಲಿ ಒಬ್ಬೊಬ್ಬ ವಿದ್ಯಾರ್ಥಿ ಆ ಲೆಕ್ಕದ ಪಕ್ಕದಲ್ಲಿ ಉದುರಿದ ಕಾಯಿಯ ಲೆಕ್ಕವನ್ನೂ ಬರೆದರೆ ಎಂಥ ಮಾಹಿತಿ ಸಿಕ್ಕೀತು!

ಬೇರೆ ವಿಷಯಗಳಲ್ಲೂ ಇದೇ ಕಥೆ. ರಿಕ್ಸಿಯಾ, ಆಂಥೊಸಿರೋಸ್‌ಗಳನ್ನು ನಾವು ನೋಡಿದ್ದು ಫಾರ್ಮಲಿನ್ ಬಾಟಲಿಯಲ್ಲಿ, ಹಳೆಯ ಪರ್ಮನೆಂಟ್ ಸ್ಲೈಡಿನಲ್ಲಿ. ಅಂಥ ಹಾವಸೆ ಸಸ್ಯಗಳು ಆಗಸ್ಟಿನಲ್ಲಿ ಮಲೆನಾಡಿನ ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲೆ, ತೋಟದ ಕಪ್ಪಿನ (ಬಸಿಗಾಲುವೆಯ) ಬದಿಯಲ್ಲಿ ಹಸಿರಾಗಿ ಹಬ್ಬಿರುತ್ತವೆ. ಹರ್ಬೇರಿಯಂಗೆಂದು, ಅಂದರೆ ಒಣಗಿಸಿ ಅಂಟಿಸಿಡುವ ಗಿಡಗಳ ಸಂಗ್ರಹಕ್ಕೆಂದು, ಮೇ ತಿಂಗಳಲ್ಲಿ ಹೊರಟರೆ ರಸ್ತೆ ಬದಿಯ ಲಂಟಾನ ಸಿಗುತ್ತದೆ. ಎಲ್ಲರ ಫೈಲಿನಲ್ಲೂ ಅದೇ ಇರುತ್ತದೆ. ಪ್ರಾಣಿಶಾಸ್ತ್ರ ಓದುವ ನನ್ನ ಗೆಳತಿ ಮೂಡಿಗೆರೆ ಕಡೆಯವಳು. ಅಲ್ಲಿನ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಕುಣಿಯುವ ಕಪ್ಪೆಯನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣ ರಾವ್ ಅವರು 1937ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದರು. ಗಂಡು ಕಪ್ಪೆ ಹಳ್ಳದ ಬಂಡೆಯ ಮೇಲೆ ಕೂತು ಹಿಂಗಾಲು ಚಾಚಿ ಸನ್ನೆ ಮಾಡುತ್ತದಂತೆ. ಗೆಳತಿ ಅದನ್ನು ನೋಡಿರುವುದು ಫೋನಿನಲ್ಲಿ.

ಎಲ್ಲರನ್ನೂ ಮಳೆಗಾಲದಲ್ಲೇ ಕಳಿಸಿ ಎಂದು ನನ್ನ ಬೇಡಿಕೆಯಲ್ಲ. ಮಂಗನ ಕಾಯಿಲೆ ಹರಡುವ ಉಣುಗುಗಳನ್ನು ಅಧ್ಯಯನ ಮಾಡುವವರಿಗೆ ಚಳಿಗಾಲ, ಬೇಸಿಗೆಯೇ ಬೇಕು. ಕಾಫಿಯ ಬಿಳಿ ಕಾಂಡಕೊರಕದ ದುಂಬಿ ಹೊರಬರುವುದು ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಿಂದ. ಕಡೂರಿನಂಥ ಬಯಲು ಸೀಮೆಯವರ ಕಾಲವೇ ಬೇರೆ. ಹಾಗಾಗಿ ವಿಷಯಕ್ಕೆ ತಕ್ಕ ತಿಂಗಳು ಆರಿಸಿಕೊಳ್ಳಲು ಬಿಡಿ. ಮೊದಲ ವರ್ಷದ ಕೊನೆಯಲ್ಲೇ ಪ್ರಾಜೆಕ್ಟ್ ವಿಷಯ ನೋಂದಾಯಿಸಲು ಅವಕಾಶ ಕೊಟ್ಟರೆ ಮಧ್ಯೆ ಬರುವ ಮಳೆಗಾಲವನ್ನು ನಾವು ಬಳಸಿಕೊಳ್ಳುತ್ತೇವೆ. ವರದಿ ಸಲ್ಲಿಸುವುದು, ವೈವಾ ಎಲ್ಲ ನಾಲ್ಕನೇ ಸೆಮಿಸ್ಟರಿನಲ್ಲೇ ಇರಲಿ. ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮೂಡಿಗೆರೆಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರಗಳ ಜೊತೆ ಮಾತಾಡಿ ಅಲ್ಲಿನ ವಿಜ್ಞಾನಿಗಳನ್ನು ಸಹ ಮಾರ್ಗದರ್ಶಕರನ್ನಾಗಿ ಮಾಡಿದರೆ ಊರಲ್ಲಿ ಕೆಲಸ ಮಾಡುವ ವಿದ್ಯಾರ್ಥಿಯನ್ನು ನೋಡಿಕೊಳ್ಳುವವರೂ ಇರುತ್ತಾರೆ.

ಮಳೆಗಾಲದಲ್ಲಿ ಧರೆ ಕುಸಿಯುತ್ತದೆ, ಕರೆಂಟ್ ಇರುವುದಿಲ್ಲ, ಹೆಣ್ಣುಮಕ್ಕಳನ್ನು ಕಳಿಸುವುದು ಹೇಗೆ ಎಂದು ಕೇಳುವವರಿದ್ದಾರೆ. ಆ ಚಿಂತೆ ನಿಜವಾದದ್ದೇ. ಆದರೆ ನಾನು ಕೇಳುತ್ತಿರುವುದು ಗುರುತಿಲ್ಲದ ಕಾಡಿಗೆ ಹೋಗಲು ಅನುಮತಿಯನ್ನಲ್ಲ. ಇಂಬಳ ಕಚ್ಚಿಸಿಕೊಂಡು ನಾವು ದಿನವೂ ಓಡಾಡಿ ಬೆಳೆದ ತೋಟಗಳಿವು. ಅಮ್ಮ ಅದೇ ಮಳೆಯಲ್ಲಿ ಕೊಟ್ಟಿಗೆಗೆ ಸೊಪ್ಪು ತರುತ್ತಾರೆ, ಕೊನೆಗೌಡರು ಅದೇ ಮಳೆಯ ನಡುವೆ ಒಂದು ಹೊಳವು ಕಂಡರೆ ಮರ ಹತ್ತಿ ಔಷಧಿ ಹೊಡೆಯುತ್ತಾರೆ.

ನನ್ನ ಪ್ರಾಜೆಕ್ಟ್ ಈ ಸಲ ಎಲೆಯ ಸಾರದಲ್ಲೇ ಮುಗಿಯುತ್ತದೆ. ನನ್ನ ಹಿಂದೆ ಬರುವ ತಂಗಿ, ತಮ್ಮಂದಿರಿಗಾಗಿ ಕೇಳುತ್ತಿದ್ದೇನೆ. ಮುಂದಿನ ವರ್ಷದ ಶೈಕ್ಷಣಿಕ ವೇಳಾಪಟ್ಟಿ ಅಂತಿಮವಾಗುವ ಮೊದಲು ವಿಶ್ವವಿದ್ಯಾಲಯಗಳ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಅಧ್ಯಯನ ಮಂಡಳಿಗಳು ಈ ವಿಷಯವನ್ನು ಸಭೆಗೆ ತರಬೇಕು.

– ಎಂ.ಎಸ್ಸಿ. ಸಸ್ಯಶಾಸ್ತ್ರ ವಿದ್ಯಾರ್ಥಿನಿ, ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ