ನಾನು ನಾನೇ ಅಂತ ದಿನಕ್ಕೆ ಎಷ್ಟು ಸಲ ತೋರಿಸಲಿ?

ಮಾನ್ಯ ಸಂಪಾದಕರೇ,

ನಾನು ಕಾಸರಗೋಡು ಪೇಟೆಯಲ್ಲಿ ಮನೆಮನೆಗೆ ಊಟ ತಲುಪಿಸುವ ಹುಡುಗ. ಎಲ್ಲರೂ ಹುಡುಗ ಅಂತಲೇ ಕರೆಯುವುದರಿಂದ ಹಾಗೆ ಬರೆದೆ, ವಯಸ್ಸು 34 ಆಯಿತು. ಹೊಸ ಬಸ್‌ಸ್ಟ್ಯಾಂಡ್, ನುಳ್ಳಿಪ್ಪಾಡಿ, ವಿದ್ಯಾನಗರ, ಕರಂದಕ್ಕಾಡು, ಹೀಗೆ ಇಡೀ ದಿನ ಬೈಕಿನಲ್ಲೇ. ಕಳೆದ ಭಾನುವಾರ ಸುಮ್ನೆ ಒಂದು ಲೆಕ್ಕ ಇಟ್ಟೆ. ಬೆಳಗ್ಗೆ 11ರಿಂದ ರಾತ್ರಿ 10ರ ಒಳಗೆ ನಾನು ಯಾರು ಅಂತ 9 ಸಲ ತೋರಿಸಬೇಕಾಯಿತು. ಆರ್ಡರ್ ಕೊಡುವ ಕಂಪೆನಿಯ ಆ್ಯಪ್‌ಗೆ 3 ಸಲ ಮುಖ, ಗೇಟುಗಳಲ್ಲಿ 5 ಸಲ ಹೆಸರು ಮತ್ತು ನಂಬರ್, ಪೊಲೀಸರಿಗೆ ಒಂದು ಸಲ ಲೈಸನ್ಸ್. ಇದಕ್ಕೆಲ್ಲ ಹೋದ ಹೊತ್ತಿಗೆ ನನಗೆ ಯಾರೂ ದುಡ್ಡು ಕೊಡುವುದಿಲ್ಲ. ತಡವಾದರೆ ರೇಟಿಂಗ್ ಮಾತ್ರ ನನ್ನದೇ ಇಳಿಯುತ್ತದೆ. ನನ್ನ ತಕರಾರು ಇಷ್ಟೇ.

ಮೊದಲು ಸೆಲ್ಫಿ ವಿಷಯ. ಲಾಗಿನ್ ಆಗುವಾಗ ಒಂದು ಕೇಳುತ್ತದೆ, ಅದು ಸರಿ. ಆಮೇಲೆ ಮಧ್ಯದಲ್ಲಿ ಯಾವಾಗ ಬೇಕಾದರೂ ಕೇಳಬಹುದು, ಆರ್ಡರ್ ಕೈಯಲ್ಲಿ ಇರುವಾಗಲೂ. ಬೈಕ್ ಬದಿಗೆ ಹಾಕಬೇಕು, ಹೆಲ್ಮೆಟ್ ತೆಗೆಯಬೇಕು, ಕಣ್ಣು ಮಿಟುಕಿಸು ಅಂದರೆ ಮಿಟುಕಿಸಬೇಕು, ಮುಖ ಎಡಕ್ಕೆ ತಿರುಗಿಸು ಅಂದರೆ ತಿರುಗಿಸಬೇಕು. ಜೂನ್, ಜುಲೈಯಲ್ಲಿ ನಮ್ಮ ಕಡೆಯ ಮಳೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮುಖದ ಮೇಲೆ ನೀರು, ಸ್ಕ್ರೀನ್ ಮೇಲೆ ನೀರು, ಹೈವೇಯ ಸರ್ವಿಸ್ ರೋಡಿನಲ್ಲಿ ಕತ್ತಲು. ಮುಖ ಹೊಂದಲಿಲ್ಲ, ಮತ್ತೊಮ್ಮೆ ಅನ್ನುತ್ತದೆ. ಅಷ್ಟರಲ್ಲಿ ಗಿರಾಕಿಯ ಫೋನ್, ಎಲ್ಲಿದ್ದೀರಿ ಅಂತ. ರಸ್ತೆ ಬದಿಯಲ್ಲಿ ನಿಂತು ಕಣ್ಣು ಮಿಟುಕಿಸುತ್ತಿದ್ದೇನೆ ಅಂತ ಹೇಳಲಿಕ್ಕೆ ಆಗುತ್ತದಾ ಮಾರಾಯ್ರೆ?

ಕಳೆದ ವರ್ಷ ಅಪ್ಪ ತೀರಿಕೊಂಡರು. ಬೊಜ್ಜ (ಉತ್ತರಕ್ರಿಯೆ) ಮುಗಿಸಿ ಕೆಲಸಕ್ಕೆ ಬಂದಾಗ ಮಂಡೆ ಬೋಳು, ಗಡ್ಡ ಮೀಸೆ ಇಲ್ಲ. ನೀನೀಗ ಥೇಟ್ ನಿನ್ನ ಅಪ್ಪನ ಹಾಗೆ ಕಾಣುತ್ತೀ ಅಂತ ನೆರೆಮನೆಯವರು ಹೇಳಿದ್ದರು, ಆ್ಯಪ್‌ಗೂ ಹಾಗೇ ಕಂಡಿರಬೇಕು, ಮೂರು ಸಲ ನೋಡಿ ಐಡಿ ಬ್ಲಾಕ್ ಮಾಡಿತು. ಸಹಾಯಕ್ಕೆ ಅಂತ ಇರುವುದು ಚಾಟ್ ಮಾತ್ರ. ಅಪ್ಪ ಹೋದರು, ಕೂದಲು ತೆಗೆಸಿದ್ದೇನೆ ಅಂತ ಬರೆದೆ. 48 ಗಂಟೆ ಕಾಯಿರಿ ಅಂತ ಉತ್ತರ ಬಂತು. ಪುನಃ ಬರೆದೆ, ಪುನಃ ಅದೇ ಉತ್ತರ. ಸರಿಯಾಗುವಾಗ ಐದು ದಿನ ಕಳೆದಿತ್ತು. ಸೂತಕದ ದಿನಗಳಲ್ಲಿ ಹೇಗೂ ಸಂಪಾದನೆ ಇರಲಿಲ್ಲ, ಅದರ ಮೇಲೆ ಈ ಐದು ದಿನ. ಒಬ್ಬ ಮನುಷ್ಯ ನನ್ನ ಮುಖ ಒಂದು ಸಲ ನೋಡಿದ್ದರೆ ಎರಡು ನಿಮಿಷದ ಕೆಲಸ ಅದು.

ಇನ್ನು ಹೆಸರು. ಕಾಸರಗೋಡಿನ ಕನ್ನಡದವರಿಗೆ ಇದು ಕೂಡಲೇ ಅರ್ಥ ಆಗುತ್ತದೆ. ಗಣೇಶ ಇಲ್ಲಿ ಯಾವುದೋ ಒಂದು ಕಾಗದದಲ್ಲಿ ಗಣೇಶನ್ ಆಗಿರುತ್ತಾನೆ, ಇಲ್ಲಿನ ಪಿಲಿಕುಂಜೆ ಎಂಬ ಜಾಗ ಮಲಯಾಳದಲ್ಲಿ ಪುಲಿಕುನ್ನು ಆದ ಹಾಗೆ. ನನ್ನ ಹೆಸರಿಗೂ ರೇಷನ್ ಕಾರ್ಡಿನಲ್ಲಿ ಯಾರೋ ಒಂದು 'ನ್' ಸೇರಿಸಿದ್ದಾರೆ. ಆಧಾರಿನಲ್ಲಿ ಇನಿಶಿಯಲ್ ಮುಂದೆ, ಲೈಸನ್ಸಿನಲ್ಲಿ ಹಿಂದೆ, ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಇಡಿಯಾಗಿ. ಮನುಷ್ಯರು ನೋಡಿದರೆ ಒಬ್ಬನೇ ಅಂತ ಗೊತ್ತಾಗುತ್ತದೆ. ಕಂಪ್ಯೂಟರಿಗೆ ನಾವು ಮೂರು ಜನ. ಸೇರುವಾಗಲೇ ಇದಕ್ಕೆ ಎರಡು ವಾರ ಅಲೆದಿದ್ದೇನೆ. ಕೇರಳದ ಭಾಷಾ ಕಾಯ್ದೆ ಪ್ರಕಾರ ಇಲ್ಲಿನ ಸರಕಾರಿ ಕಚೇರಿಗಳಿಗೆ ನಾವು ಕನ್ನಡದಲ್ಲೇ ಬರೆಯಬಹುದು, ಆ ಧೈರ್ಯದಲ್ಲಿ ಹೆಸರು ಸರಿಮಾಡಲು ಕನ್ನಡದಲ್ಲಿ ಅರ್ಜಿ ಕೊಟ್ಟೆ. ಇದನ್ನು ಓದುವವರು ರಜೆಯಲ್ಲಿದ್ದಾರೆ ಅಂದರು. ಆಮೇಲೆ ಮಲಯಾಳದಲ್ಲಿ ಬರೆಸಿಕೊಟ್ಟೆ, ಏನು ಮಾಡುವುದು.

ತಪಾಸಣೆಯೇ ಬೇಡ ಅಂತ ನಾನು ಹೇಳುವುದಿಲ್ಲ. ಐಡಿ ಬಾಡಿಗೆಗೆ ಕೊಡುವವರು ಇದ್ದಾರೆ, ನನಗೇ ಗೊತ್ತಿದ್ದಾರೆ. ರಾತ್ರಿ ಒಬ್ಬರೇ ಇರುವ ಹೆಂಗಸಿನ ಮನೆ ಬಾಗಿಲಿಗೆ ಫೋಟೋದಲ್ಲಿ ಇದ್ದವನು ಬಿಟ್ಟು ಬೇರೆ ಯಾರೋ ಬಂದರೆ ಅದು ತಪ್ಪೇ. ಆದರೆ ನನ್ನ ಜೊತೆ ಹೋಟೆಲ್ ಮುಂದೆ ಕಾಯುವ ಒಬ್ಬ ಯಾಕೆ ಭಾವನ ಐಡಿಯಲ್ಲಿ ಓಡಿಸುತ್ತಾನೆ ಅಂತ ಕೇಳಿ. ಅವನ ಸ್ವಂತದ್ದು ಹೆಸರು ಹೊಂದಲಿಲ್ಲ ಅಂತ ಬ್ಲಾಕ್ ಆಗಿದೆ, ಕೇಳುವವರಿಲ್ಲ, ಮನೆಯಲ್ಲಿ ಸಣ್ಣ ಮಗು ಇದೆ. ಕಳ್ಳರನ್ನು ಹಿಡಿಯಲು ಹಾಕಿದ ಬಲೆ ಸರಿಯಿದ್ದವನನ್ನೇ ಕಳ್ಳದಾರಿಗೆ ತಳ್ಳಿತು ಅಲ್ವಾ?

ಗೇಟುಗಳ ಕಥೆ ಬೇರೆ. ರಿಜಿಸ್ಟರಿನಲ್ಲಿ ಹೆಸರು, ಫೋನ್ ನಂಬರ್, ಫ್ಲ್ಯಾಟ್ ನಂಬರ್ ಬರೆ, ಸಹಿ ಹಾಕು. ವಾರಕ್ಕೆ ಹತ್ತು ಸಲ ಹೋಗುವ ಗೇಟಿನಲ್ಲೂ ಅದೇ. ಒಂದು ಕಡೆ ಆಧಾರ್ ಕಾರ್ಡ್ ಇಟ್ಟು ಹೋಗು ಅನ್ನುತ್ತಾರೆ, ಬಿರಿಯಾನಿ ಕೊಟ್ಟು ಬರಲು ಆಧಾರ್ ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಆ ಪುಸ್ತಕ ಬೆಂಚಿನ ಮೇಲೆ ತೆರೆದೇ ಇರುತ್ತದೆ, ಯಾರು ಬೇಕಾದರೂ ನಂಬರ್ ನೋಡಬಹುದು. ವಾಚ್‌ಮ್ಯಾನ್ ಮೇಲೆ ನನಗೆ ಕೋಪ ಇಲ್ಲ. ದೂರದ ಊರಿನವರು ಪಾಪ, ಅವರ ಆಧಾರ್ ಕಾರ್ಡ್ ಮ್ಯಾನೇಜರ್ ಕೈಯಲ್ಲಿದೆಯಂತೆ.

ಪೊಲೀಸರು ನಿಲ್ಲಿಸುವುದು ಅಷ್ಟು ಜಾಸ್ತಿ ಇಲ್ಲ, ಆದರೆ ನಿಲ್ಲಿಸಿದರೆ ಹತ್ತು ನಿಮಿಷ ಹೋಯಿತು. ಲೈಸನ್ಸ್, ಆರ್‌ಸಿ ಫೋನಿನಲ್ಲೇ ಸರಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ತೋರಿಸಿದರೆ ಸಾಕು ಅಂತ ಕೇಂದ್ರ ಸರಕಾರ 2018ರಲ್ಲೇ ಹೇಳಿದೆ. ಅದನ್ನು ತೆರೆಯಲು ಮ್ಯಾಪ್ ಬಿಡಬೇಕು, ಪಿನ್ ಹಾಕಬೇಕು, ರೇಂಜ್ ಸಿಗಬೇಕು. ಹಾಗಾಗಿ ಕಾಗದದ ಪ್ರತಿಯನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟಿದ್ದೇನೆ. ಮೊದಲು ಕೆಲವು ತಿಂಗಳು ಗಡಿಯಾಚೆ ಮಂಗಳೂರು ಹತ್ತಿರದ ದೇರಳಕಟ್ಟೆ, ತೊಕ್ಕೊಟ್ಟು ಕಡೆ ಓಡಿಸುತ್ತಿದ್ದೆ. ಅಲ್ಲಿ ಕೆಎಲ್ 14 ನಂಬರ್ ಪ್ಲೇಟ್ ನೋಡಿದ ಕೂಡಲೇ ಕೇರಳದವನಾ ಅಂತ ಕೇಳುತ್ತಿದ್ದರು. ಇಲ್ಲಿ ನನ್ನ ಮಲಯಾಳ ಕೇಳಿ ಕರ್ನಾಟಕದವನಾ ಅನ್ನುತ್ತಾರೆ.

ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ನಮ್ಮ ಹಾಗೆ ಆ್ಯಪ್ ಮೂಲಕ ದುಡಿಯುವವರ ಕಾಯ್ದೆ ಬಂತು. ಕಾರಣ ಬರೆದು ಕೊಡದೆ, 14 ದಿನ ಮೊದಲು ತಿಳಿಸದೆ ಕೆಲಸದಿಂದ ತೆಗೆಯುವ ಹಾಗಿಲ್ಲ ಅಂತ ಅದರಲ್ಲಿದೆ. ನಾನೀಗ ದುಡಿಯುವುದು ತಲಪಾಡಿ ಗಡಿಯ ಈಚೆ ಬದಿ, ಕೇರಳದಲ್ಲಿ, ಆ ಕಾಯ್ದೆ ಬೈಕ್ ಹತ್ತಿ ನನ್ನ ಜೊತೆ ಬರುವುದಿಲ್ಲ. ಬಂದರೂ ಐಡಿ ಬ್ಲಾಕ್ ಮಾಡುವುದನ್ನು ಕಂಪೆನಿ ತೆಗೆದದ್ದು ಅಂತ ಒಪ್ಪುತ್ತದಾ? ತಾತ್ಕಾಲಿಕ ಅನ್ನುತ್ತದೆ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ 2020ರದ್ದು, ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಅದರಲ್ಲಿ ನಮ್ಮಂಥವರ ಹೆಸರಾದರೂ ಇದೆ. ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಕೊಡುವ ಇ-ಶ್ರಮ್ ಕಾರ್ಡೂ ಮಾಡಿಸಿದ್ದೇನೆ, ಪರ್ಸಿನಲ್ಲಿ ಇನ್ನೊಂದು ನಂಬರ್ ಆಯಿತು.

ನಾನು ಕೇಳುವುದು ದೊಡ್ಡದೇನಲ್ಲ. ಸೆಲ್ಫಿ ಬೇಕಾದರೆ ಆರ್ಡರ್ ಕೈಯಲ್ಲಿ ಇಲ್ಲದಾಗ ಕೇಳಲಿ, ಆ ಹೊತ್ತನ್ನು ತಡ ಅಂತ ಲೆಕ್ಕ ಹಾಕದಿರಲಿ. ಮುಖ ಹೊಂದದಿದ್ದರೆ ಬ್ಲಾಕ್ ಮಾಡುವ ಮೊದಲು ಒಬ್ಬ ಮನುಷ್ಯ ವೀಡಿಯೋ ಕಾಲ್ ಮಾಡಲಿ. ತಪ್ಪು ಅವರದ್ದಾದರೆ ಹೋದ ದಿನಗಳ ಸಂಬಳ ಕೊಡಲಿ.

ಪತ್ರದ ಜೊತೆ ಪೂರ್ತಿ ಹೆಸರು, ವಿಳಾಸ, ಫೋನ್ ನಂಬರ್ ಇಲ್ಲದಿದ್ದರೆ ನೀವು ಹಾಕುವುದಿಲ್ಲ ಅಂತ ಗೊತ್ತು. ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಆಧಾರಿನಲ್ಲಿ ಇದ್ದ ಹಾಗೆಯೇ. ದಯವಿಟ್ಟು ಅದನ್ನು ಪ್ರಕಟಿಸಬೇಡಿ, ಐಡಿ ಹೋದೀತು.

ಒಬ್ಬ ಓದುಗ, ಕಾಸರಗೋಡು