ನೀರಿನ ಸಮಯ, ಭಾನುವಾರದ ಸಭೆ

ಎಲ್ಲರಿಗೂ ನಮಸ್ಕಾರ. ಬೋರ್‌ವೆಲ್ ರಿಪೇರಿ ಮುಗಿಯುವವರೆಗೆ ಟ್ಯಾಂಕರ್ ನೀರೇ ಗತಿ. ಬೆಳಿಗ್ಗೆ 6ರಿಂದ 8, ಸಂಜೆ 6ರಿಂದ 7 ಮಾತ್ರ ಬಿಡುತ್ತೇವೆ.

ನಿನ್ನೆ ರಾತ್ರಿ ಸಂಪಿನ ಹತ್ತಿರ ಜೋರು ಗಲಾಟೆ ಆಯ್ತು. ವಾಚ್‌ಮನ್ ಕೈಯಲ್ಲಿದ್ದ ಟೀ ಹಾಗೇ ಆರಿಹೋಯ್ತು, ಪಾಪ. ಟೆನ್ಷನ್ ಜಾಸ್ತಿಯಾದರೆ ಮೈಯಲ್ಲಿ ಅಡ್ರಿನಲಿನ್ ಅನ್ನೋ ಹಾರ್ಮೋನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಒಬ್ಬರು ಕೂಗಾಡುತ್ತಾರೆ, ಇನ್ನೊಬ್ಬರು ಬಾಗಿಲು ಹಾಕಿಕೊಂಡು ಸುಮ್ನಾಗುತ್ತಾರೆ. ನಾನಂತೂ ನಡುರಾತ್ರಿ ಬೀರು ಜೋಡಿಸುತ್ತಾ ಕೂರುತ್ತೇನೆ! ಯಾರಾದರೂ ಹೀಗಾಡಿದರೆ ಕೊಬ್ಬು ಅಂದುಕೊಳ್ಳಬೇಡಿ. ಹತ್ತು ನಿಮಿಷ ಬಿಟ್ಟು ಮಾತಾಡಿಸಿ. ದೂರಿದ್ದರೆ ನನಗೆ ಮೆಸೇಜ್ ಮಾಡಿ, ವಾಚ್‌ಮನ್ ಮೇಲೆ ರೇಗಬೇಡಿ.

ನಿದ್ದೆಯೇ ಬರುತ್ತಿಲ್ಲ ಅನ್ನುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ನಮ್ಮ ನಿಮ್ಹಾನ್ಸ್ ಮುಂದಾಳತ್ವದ್ದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಭಾನುವಾರ ಬೆಳಿಗ್ಗೆ 11ಕ್ಕೆ ಟೆರೇಸ್ ಮೇಲೆ ಸಭೆ. ಬರುವವರು ಶನಿವಾರದೊಳಗೆ ಇಲ್ಲೇ ಫ್ಲ್ಯಾಟ್ ನಂಬರ್ ಹಾಕಿ.